ಎರಡೆಳೆಯ ದಾರ

ಉಪಗ್ರಹ ಮೇಲೆ ಹೋದ ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಅದು ಮೊದಲ ಸಲ ನಮ್ಮ ನೆತ್ತಿಯ ಮೇಲೆ ಹಾದು ಹೋಗುವುದಿತ್ತು. ತಿರ್ಲಾಪುರದಲ್ಲಿ ಕಾಕಾನ ಕಡಲೆ ಹೊಲದ ಒಡ್ಡಿನ ಮೇಲೆ ನಾನು ಆಂಟೆನಾ ಹಿಡಿದು ನಿಂತಿದ್ದೆ. ಕಿವಿಗೆ ಹೆಡ್‌ಫೋನು, ಕೊರಳಲ್ಲಿ ರೇಡಿಯೋ. ಕಡಲೆ ಗಿಡದ ಹುಳಿ ಸೀರೆಯ ಅಂಚಿಗೆ ಹತ್ತಿ ಪಾದ ಚುರುಗುಟ್ಟುತ್ತಿತ್ತು. ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಬಾಜುವಿಗೆ ನಿಂತಿದ್ದರು.

ಉತ್ತರದ ದಿಗಂತದಿಂದ ಏಳಬೇಕಾದ ಹೊತ್ತಿಗೆ ಆಂಟೆನಾವನ್ನು ಅತ್ತ ತಿರುಗಿಸಿದೆ. ಸೆಕೆಂಡಿಗೊಂದು ಸಲ ಟಿಕ್ ಎಂಬ ಸದ್ದು ಬರಬೇಕು. ಬರೀ ಮಳೆ ಸುರಿದಂಥ ಗರಗರ. ನಡುನೆತ್ತಿಗೆ ಬಂತು ಎಂದು ಗಡಿಯಾರ ಹೇಳಿತು. ಗರಗರ. ದಕ್ಷಿಣಕ್ಕೆ ತಿರುಗಿದೆ.

"ಬಂತೇನ್ ಬೇ?" ಎಂದರು ಕಾಕಾ.

"ಇನ್ನೂ ಇಲ್ರಿ."

ಸ್ವಲ್ಪ ಹೊತ್ತು ಬಿಟ್ಟು, "ಈಗ?"

"ಹೋತ್ರಿ ಕಾಕಾ. ಮುಳುಗಿ ಹೋತು."

ಕಾಕಾ ಆಕಾಶ ನೋಡಲಿಲ್ಲ, ನನ್ನ ಮುಖ ನೋಡಿದರು. "ನಾಳೆ ಬರತೈತಿ, ಹಂಗಲ್ಲ?" ಎಂದರು. ಅದು ದಿನಕ್ಕೆ ನಾಲ್ಕಾರು ಸಲ ಬರುತ್ತದೆ, ಸಂಜೆಗೂ ಬರುತ್ತದೆ ಎಂದು ಅವರಿಗೆ ಹೇಳುವ ತ್ರಾಣ ನನಗಿರಲಿಲ್ಲ. ಯಾಕೆ ಸದ್ದು ಬರಲಿಲ್ಲ ಎಂಬುದು ಆ ಕ್ಷಣದಲ್ಲೇ ನನಗೆ ಹೊಳೆದಿತ್ತು. ಹೊಳೆದದ್ದನ್ನು ಯಾರಿಗೂ ಹೇಳದೆ ಆರು ದಿನ ಕಳೆದೆ. ಆ ಆರು ದಿನಗಳ ಸಲುವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಉಪಗ್ರಹಗಳಿಗೆ ಆಂಟೆನಾ ವಿನ್ಯಾಸ ಮಾಡುವುದು. ಮೊದಲು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದೆ. ಹುಬ್ಬಳ್ಳಿಯಲ್ಲಿ ಒಂದು ಸಣ್ಣ ತಂಡ ಕೆಳಕಕ್ಷೆಯ ಪುಟ್ಟ ಉಪಗ್ರಹ ಮಾಡಲು ಹೊರಟಾಗ ನನ್ನನ್ನು ಕರೆದರು. ಕುಂದಗೋಳದ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಲೆಕ್ಕ ಹಾಕುವುದು, ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಿ ಮಾಡಿ ನೋಡುವುದು. ಗಂಡ ಹೈಸ್ಕೂಲ್ ಮಾಸ್ತರು. ಓಣಿಯವರಿಗೆ ನಾನು ಮನೆಯಲ್ಲೇ ಇರುವವಳು.

ಆಂಟೆನಾ ಅಂದರೆ ಎಲ್ಲರೂ ಮನೆ ಮೇಲಿನ ಡಿಶ್ ಎಂದುಕೊಳ್ಳುತ್ತಾರೆ. ನಮ್ಮದು ನಾಲ್ಕು ಉಕ್ಕಿನ ಪಟ್ಟಿಗಳು, ಬಡಿಗೇರರು ಅಳತೆಗೆ ಇಟ್ಟುಕೊಳ್ಳುವ ಟೇಪಿನಂಥವೇ. ಮೊದಲ ಮಾದರಿಯನ್ನಂತೂ ಕುಂದಗೋಳದ ಹಾರ್ಡ್‌ವೇರ್ ಅಂಗಡಿಯಿಂದ ತಂದ ಟೇಪನ್ನೇ ಕತ್ತರಿಸಿ ಮಾಡಿದ್ದೆ. ಮಡಚಿದರೆ ಉಪಗ್ರಹದ ಮೈಗೆ ಸುತ್ತಿಕೊಳ್ಳುತ್ತವೆ, ಬಿಟ್ಟರೆ ಚಟ್ಟನೆ ನೆಟ್ಟಗಾಗುತ್ತವೆ. ಒಂದು ಜೋಡಿ ಪಟ್ಟಿ ನಮ್ಮೊಂದಿಗೆ ಮಾತಾಡುವುದಕ್ಕೆ. ಇನ್ನೊಂದು ಜೋಡಿ, ಹಳ್ಳಗಳ ಸೇತುವೆಗೆ ಕಟ್ಟಿದ ಪುಟ್ಟ ಪೆಟ್ಟಿಗೆಗಳ ಮಾತು ಕೇಳುವುದಕ್ಕೆ. ಹಳ್ಳದ ನೀರು ಏರಿದರೆ ಪೆಟ್ಟಿಗೆ ಅದನ್ನು ಮೇಲಕ್ಕೆ ಹೇಳುತ್ತದೆ, ಉಪಗ್ರಹ ನಮಗೆ ಹೇಳುತ್ತದೆ, ಕೆಳಗಿನ ಊರುಗಳಿಗೆ ಮೊದಲೇ ಸುದ್ದಿ ಮುಟ್ಟುತ್ತದೆ. ಫೋನಿನ ಕಂಬಗಳು ಬಿದ್ದರೂ ಇದು ನಡೆಯಬೇಕು ಎಂಬುದು ನಮ್ಮ ಆಸೆ. ಅಂಥದೊಂದು ಪೆಟ್ಟಿಗೆಯನ್ನು ಕಾಕಾನ ಹೊಲದ ಹತ್ತಿರದ ಹಳ್ಳಕ್ಕೂ ಕಟ್ಟಿದ್ದೆವು.

ಹಿಂದಿನ ಬೇಸಿಗೆಯಲ್ಲಿ ಆ ಪಟ್ಟಿಗಳನ್ನು ಕಾಕಾನ ಬರಿ ಹೊಲದಲ್ಲೇ ಪರೀಕ್ಷೆ ಮಾಡಿದ್ದೆ. ಅಲ್ಲಿ ಎರೆ ಭೂಮಿ ಚಾಪೆ ಹಾಸಿದ ಹಾಗೆ ಮಟ್ಟಸ. ಗುಡ್ಡವಿಲ್ಲ, ಕಟ್ಟಡವಿಲ್ಲ, ಅಲೆಗಳು ಬಡಿದು ತಿರುಗಿ ಬರುವಂಥದ್ದು ಏನೂ ಇಲ್ಲ. ಬಿಸಿಲಿಗೆ ನೆಲ ಬಿರಿದು ಆಂಟೆನಾ ಕಂಬದ ಒಂದು ಕಾಲು ಮೊಳದುದ್ದ ಬಿರುಕಿನೊಳಗೆ ಇಳಿದು ಹೋಗಿತ್ತು. ಪಟ್ಟಿಗಳು ಲೆಕ್ಕದ ಪ್ರಕಾರವೇ ಕೆಲಸ ಮಾಡಿದವು. ಅಂದು ಕಾಕಾನ ಮನೆಯಲ್ಲಿ ಊಟ ಮಾಡಿ, ಇಷ್ಟು ವರ್ಷದಲ್ಲಿ ಒಂದು ಕೆಲಸ ನೆಟ್ಟಗೆ ಮಾಡಿದೆ ಎಂದುಕೊಂಡು ಬಸ್ಸು ಹತ್ತಿದ್ದೆ.

ತೊಡಕು ಬಂದದ್ದು ಪಟ್ಟಿಯಲ್ಲಲ್ಲ, ದಾರದಲ್ಲಿ. ಮಡಚಿದ ಪಟ್ಟಿಗಳನ್ನು ಬಿಚ್ಚದಂತೆ ಹಿಡಿಯಲು ಜೋಡಿಗೊಂದರಂತೆ ಎರಡು ನೈಲಾನ್ ದಾರ ಕಟ್ಟುತ್ತೇವೆ. ಪ್ರತಿ ದಾರದ ಮೇಲೂ ಒಂದು ತೆಳ್ಳನೆಯ ತಂತಿಯ ಸುರುಳಿ. ಮೇಲೆ ಹೋದ ಮೇಲೆ ಕರೆಂಟು ಹರಿದು ಸುರುಳಿ ಹತ್ತು ಸೆಕೆಂಡು ಕೆಂಪಗೆ ಕಾಯುತ್ತದೆ, ದಾರ ಕರಗಿ ಹರಿಯುತ್ತದೆ, ಪಟ್ಟಿ ಬಿಚ್ಚಿಕೊಳ್ಳುತ್ತದೆ. ಇಷ್ಟು ಆಗದಿದ್ದರೆ ಉಳಿದದ್ದೆಲ್ಲ ದಂಡ. ಉಪಗ್ರಹವನ್ನು ಕಳಿಸಿಕೊಡಲು ಹನ್ನೆರಡು ದಿನ ಇರುವಾಗ, ಅದನ್ನು ಗಡಗಡ ಅಲುಗಾಡಿಸಿ ನೋಡುವ ಪರೀಕ್ಷೆಯಲ್ಲಿ ಒಂದು ದಾರ ತಾನಾಗಿ ಹರಿಯಿತು. ರಾಕೆಟ್ಟಿನಲ್ಲಿ ಹಾಗಾದರೆ ಉಪಗ್ರಹವನ್ನಿಟ್ಟ ಪೆಟ್ಟಿಗೆಯ ಬಾಗಿಲು ತೆರೆಯುವ ಮೊದಲೇ ಎಲ್ಲ ಚಿಂದಿ. ದಾರವನ್ನು ಎರಡೆಳೆ ಮಾಡೋಣ ಎಂದು ನಾನೇ ಹೇಳಿದೆ.

ಎರಡೆಳೆಯ ದಾರ ಮೇಲಿನ ಥಂಡಿಯಲ್ಲಿ ಹತ್ತು ಸೆಕೆಂಡಿನಲ್ಲಿ ಹರಿಯುತ್ತದೋ ಇಲ್ಲವೋ ನೋಡಬೇಕಿತ್ತು. ಅದಕ್ಕೆ ಬೇಕಾದ ಶೀತಪೆಟ್ಟಿಗೆ ಬೆಂಗಳೂರಿನಲ್ಲಿತ್ತು, ನಮ್ಮ ಸರದಿ ಮುಗಿದು ಹೋಗಿತ್ತು. ಕುಂದಗೋಳದಲ್ಲಿ ಬಸ್‌ಸ್ಟ್ಯಾಂಡಿನ ಎದುರು ಒಂದು ಕೋಲ್ಡ್ರಿಂಕ್ಸ್ ಅಂಗಡಿಯಿದೆ. ಅದರ ಮಾಲೀಕನನ್ನು ಕೇಳಿಕೊಂಡೆ. ಅವನು ಐಸ್‌ಕ್ರೀಮ್ ಡಬ್ಬಿಗಳನ್ನು ಒಂದು ಬದಿಗೆ ಸರಿಸಿ ಫ್ರೀಜರಿನಲ್ಲಿ ಜಾಗ ಮಾಡಿಕೊಟ್ಟ. ಎರಡು ಮಧ್ಯಾಹ್ನ ಅಲ್ಲೇ ಕೂತೆ. ಹತ್ತು ಸಲ ಮಾಡಿದೆ, ಹತ್ತೂ ಸಲ ದಾರ ಹರಿಯಿತು. ಫ್ರೀಜರಿನಲ್ಲಿ ಮೈನಸ್ ಹದಿನೆಂಟು. ನಮಗೆ ಬೇಕಾಗಿದ್ದದ್ದು ಮೈನಸ್ ನಲವತ್ತು. ವರದಿಯಲ್ಲಿ ನಾನು ಬರೆದ ಸಾಲು ಇಷ್ಟು: "ಶೀತ ಪರೀಕ್ಷೆ ಮುಗಿದಿದೆ, ಹತ್ತು ಸಲವೂ ದಾರ ಹರಿದಿದೆ." ಎಲ್ಲಿ, ಎಷ್ಟು ಥಂಡಿಯಲ್ಲಿ ಎಂದು ಬರೆಯಲಿಲ್ಲ. ಯಾರೂ ಕೇಳಲಿಲ್ಲ. ಕೇಳದಿರಲಿ ಎಂದೇ ಹಾಗೆ ಬರೆದಿದ್ದೆ.

ಎರಡನೆಯ ದಿನವೂ ಸದ್ದಿಲ್ಲ. ಮೂರನೆಯ ದಿನವೂ ಇಲ್ಲ. ಹುಬ್ಬಳ್ಳಿಯ ನಮ್ಮ ಕಟ್ಟಡದ ಮೇಲಿನ ದೊಡ್ಡ ಆಂಟೆನಾಕ್ಕೂ ಏನೂ ಕೇಳಿಸಲಿಲ್ಲ. ಸುತ್ತಲಿನ ಕಾರ್ಖಾನೆಗಳ ಗದ್ದಲ ಅಲ್ಲಿ ಹೆಚ್ಚು, ಹಾಗಾಗಿ ಎಲ್ಲರೂ ನನ್ನ ಹೊಲದ ಕಡೆ ಕಿವಿ ಇಟ್ಟಿದ್ದರು. ನಾನು ಕುಂದಗೋಳಕ್ಕೆ ಹೋಗುವುದನ್ನೇ ಬಿಟ್ಟು ಕಾಕಾನ ಮನೆಯಲ್ಲಿ ಉಳಿದೆ. ಕಾಕಾನ ಹೆಂಡತಿ ಕಾಕು ರೊಟ್ಟಿ ಬಡಿದು ಹಾಕಿದರೆ ತಾಟಿನಲ್ಲಿ ಮುರಿದು ಮುರಿದು ಇಟ್ಟು ಏಳುತ್ತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಕೇಳಿಸಿತು. ಟಿಕ್. ಟಿಕ್. ಬಹಳ ಸಣ್ಣಗೆ, ಸೆಕೆಂಡಿಗೊಂದು. ಸಟಕ್ಕನೆ ತಿರುಗಿದ ರಭಸಕ್ಕೆ ಆಂಟೆನಾ ಕಾಕಾನ ತಲೆಯ ಪಟಗಕ್ಕೆ ಬಡಿಯಿತು. ಹುಬ್ಬಳ್ಳಿಗೆ ಫೋನ್ ಹಚ್ಚಿ "ಕೇಳಿಸ್ತಿದೆ" ಎಂದೆ. ಅತ್ತ ಕಡೆ ಇಡೀ ಕೋಣೆ ಚಪ್ಪಾಳೆ ತಟ್ಟುವುದು ಕೇಳಿತು. ನಾನು ಅಳುತ್ತಿದ್ದೆ.

ಉಪಗ್ರಹ ನಮ್ಮ ಕಡೆ ಬರುವಾಗ ಅದರ ಸದ್ದಿನ ಶ್ರುತಿ ಏರಿರುತ್ತದೆ, ದಾಟಿ ಹೋಗುವಾಗ ಇಳಿಯುತ್ತದೆ. ರೈಲಿನ ಸೀಟಿ ಹಾದು ಹೋದಂತೆ. ಈ ಟಿಕ್ ಇಳಿಯಲಿಲ್ಲ. ಉಪಗ್ರಹ ಮುಳುಗುವ ಹೊತ್ತು ದಾಟಿತು, ಟಿಕ್ ನಿಲ್ಲಲಿಲ್ಲ. ಹೆಡ್‌ಫೋನು ತೆಗೆದು ಸುತ್ತ ನೋಡಿದೆ. ಬಾಜುವಿನ ಹೊಲದವರು ಚಿಗರಿ ಜಿಂಕೆಗಳು ಬರದಂತೆ ಹಾಕಿದ ಝಟಕಾ ತಂತಿ ಬೇಲಿ. ಅದರ ಯಂತ್ರವನ್ನು ಅಂದು ಬೆಳಗಾದರೂ ಬಂದ್ ಮಾಡಿರಲಿಲ್ಲ. ಅದು ಸೆಕೆಂಡಿಗೊಮ್ಮೆ ತಂತಿಗೆ ಕರೆಂಟು ಬಿಡುತ್ತಿತ್ತು, ಅದೇ ನನ್ನ ರೇಡಿಯೋದಲ್ಲಿ ಟಿಕ್ ಎನ್ನುತ್ತಿತ್ತು.

ಮತ್ತೆ ಫೋನ್ ಮಾಡಿ, ಅದು ನಮ್ಮದಲ್ಲ ಎಂದು ಹೇಳಬೇಕಾಯಿತು.

"ನಾ ಹೋಗಿ ಬಂದ್ ಮಾಡಿ ಬರ್ತೀನಿ" ಎಂದು ಕಾಕಾ ಹೊರಟರು. ಈಗ ಬಂದ್ ಮಾಡಿ ಉಪಯೋಗವಿರಲಿಲ್ಲ. ಆದರೆ ನನ್ನೆದುರು ನಿಲ್ಲುವುದು ಅವರಿಗೂ ಕಷ್ಟವಾಗಿತ್ತೆಂದು ತೋರುತ್ತದೆ.

ಆ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಕಾರಣ ಹುಡುಕುವ ಕೆಲಸ ಸುರುವಾಗಿತ್ತು. ಯಾರೋ ಒಬ್ಬರು, ದಾರದ ಗಂಟು ಸುರುಳಿಯ ಕೆಳಗಿನಿಂದ ಜಾರಿರಬಹುದು ಎಂದರು. ದಾರ ಕಟ್ಟಿದವಳು ನಮ್ಮ ಜೋಡಣೆ ಕೋಣೆಯ ಒಬ್ಬ ಹೆಂಗಸು. ಅಣ್ಣಿಗೇರಿಯವಳು. ಮೊದಲು ರವಿಕೆ ಹೊಲಿಯುತ್ತಿದ್ದಳು. ಅವಳ ಬೆರಳಿನ ಹದ ನೋಡಿ ನಾವೇ ಕರೆದುಕೊಂಡಿದ್ದೆವು. ದಿನಾ ರೈಲಿಗೆ ಬಂದು ಹೋಗುತ್ತಿದ್ದಳು. ಕೂದಲಿನಷ್ಟು ತೆಳ್ಳನೆಯ ದಾರಕ್ಕೆ ಅವಳು ಹಾಕಿದ ಗಂಟನ್ನು ನಾನೇ ಭೂತಗನ್ನಡಿಯಲ್ಲಿ ನೋಡಿ, ಇಷ್ಟು ಚಂದ ನನಗೆ ಬರುವುದಿಲ್ಲ ಎಂದಿದ್ದೆ. ಈಗ ಆ ಗಂಟುಗಳ ಫೋಟೋಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟು ಆರೇಳು ಮಂದಿ ನೋಡುತ್ತಿದ್ದರಂತೆ, ಅವಳ ಎದುರಿಗೇ.

ಐದನೆಯ ದಿನ ಅವಳು ನನಗೆ ಫೋನ್ ಮಾಡಿದಳು.

"ಅಕ್ಕಾರ, ಒಂದು ಮಾತು ಕೇಳಲೇನ್ರಿ?"

"ಕೇಳ್ರಿ."

"ನನ್ನ ಗಂಟಿನಿಂದ ಹಿಂಗಾತೇನ್ರಿ?"

"ಇಲ್ಲ" ಎಂದೆ. "ನಿಮ್ಮ ಗಂಟಿನಿಂದ ಅಲ್ಲ."

"ಮತ್ತ ಯಾಕಾತ್ರಿ?"

"ನೋಡ್ತಾ ಇದ್ದೀವಿ" ಎಂದುಬಿಟ್ಟೆ.

ಅವಳ ಕಡೆಯಿಂದ ಕುಕ್ಕರಿನ ಸೀಟಿ ಕೇಳುತ್ತಿತ್ತು. "ಆತ್ರಿ" ಎಂದು ಫೋನ್ ಇಟ್ಟಳು. ಮರುದಿನ ಅವಳು ಕೆಲಸಕ್ಕೆ ಬರಲಿಲ್ಲವೆಂದು ಗೊತ್ತಾಯಿತು.

ಅಂದು ಭಾನುವಾರ, ಆದರೂ ಹುಬ್ಬಳ್ಳಿಯಲ್ಲಿ ಕೆಲಸ ನಡೆದಿತ್ತು. ಶಾಲೆಗೆ ರಜೆಯೆಂದು ಗಂಡ ತಿರ್ಲಾಪುರಕ್ಕೆ ಬಂದಿದ್ದರು. ಹೊಲದ ಬೇವಿನ ಗಿಡದ ಕೆಳಗೆ ಕೂತು ಅವರಿಗೆ ಎಲ್ಲ ಹೇಳಿದೆ: ಫ್ರೀಜರು, ಮೈನಸ್ ಹದಿನೆಂಟು, ವರದಿಯ ಸಾಲು, ಅಣ್ಣಿಗೇರಿಯವಳ ಫೋನು. ಹೇಳಿ, "ನಾ ಸುಳ್ಳು ಬರದಿಲ್ರಿ. ಬರದದ್ದು ಖರೇನ ಐತಿ" ಎಂದೆ.

ಅವರು ಮಣ್ಣಿನ ಹೆಂಟೆಯೊಂದನ್ನು ಕೈಯಲ್ಲಿ ಪುಡಿ ಮಾಡುತ್ತಿದ್ದರು. "ಖರೇನ ಬರದೀಯಲ್ಲ, ಓದಿದವರು ಏನ ತಿಳಕೊಂಡ್ರು?" ಎಂದರು.

ಅವರು ಕೈಗೆ ಹತ್ತಿದ ಮಣ್ಣು ಕೊಡವಿದರು.

"ಆ ಹೆಣ್ಣಮಗಳು ಏನ ತಿಳಕೊಂಡಾಳ ಈಗ?"

ಅಲ್ಲಿಂದಲೇ ನಮ್ಮ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ಮೈಸೂರಿನ ಕಡೆಯವರು, ದನಿ ಏರಿಸಿ ಮಾತಾಡಿದವರಲ್ಲ. ಏನು ಹೇಳಬೇಕೆಂದು ಜೋಡಿಸಿಕೊಂಡದ್ದೆಲ್ಲ ಮರೆತು ಹೋಗಿ, "ಸರ್, ಶೀತ ಪರೀಕ್ಷೆ ಸರಿಯಾಗಿ ಆಗಿಲ್ಲ" ಎಂದೆ.

"ಎಷ್ಟು ಡಿಗ್ರಿಯಲ್ಲಿ ಮಾಡಿದ್ರಿ?"

"ಮೈನಸ್ ಹದಿನೆಂಟು."

"ಎಲ್ಲಿ?"

"ಐಸ್‌ಕ್ರೀಮ್ ಫ್ರೀಜರಿನಲ್ಲಿ."

ಅವರು ವರದಿಯ ಹಾಳೆ ತಿರುವುವ ಸದ್ದು ಕೇಳಿತು.

"ಮೂರು ದಿನದಿಂದ ಆಕೆಯ ಗಂಟುಗಳನ್ನ ನೋಡ್ತಾ ಕೂತಿದ್ದೀವಿ ನಾವು" ಎಂದರು. "ಅದನ್ನ ಆಮೇಲೆ ಮಾತಾಡೋಣ. ಆ ದಾರ ಹರಿಯೋಕೆ ಸುರುಳಿ ಎಷ್ಟು ಹೊತ್ತು ಕಾಯಬೇಕು, ಲೆಕ್ಕ ಮಾಡಿ ಕೊಡಿ. ಮಡಚಿಕೊಂಡಿರೋ ಆಂಟೆನಾಗೆ ನಮ್ಮ ಮಾತು ಎಷ್ಟು ಕೇಳಿಸುತ್ತೆ, ಅದನ್ನೂ."

ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಬೆಳಗಿನ ಬಸ್ಸಿಗೆ ಅಣ್ಣಿಗೇರಿಗೆ ಹೋದೆ. ಅವಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಕೂತು ಒಣ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ಕುರ್ಚಿ ಹಾಕಿದಳು, ಒಳಗೆ ಹೋಗಿ ಚಹಾ ತಂದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಪೂರಾ ಕೇಳಿದಳು.

"ನಾ ಫೋನ್ ಮಾಡಿದಾಗ ನಿಮಗ ಗೊತ್ತಿತ್ತು" ಎಂದಳು.

"ಹೌದ್ರಿ. ಗೊತ್ತಿತ್ತು."

"ಗಂಟಿನಿಂದ ಅಲ್ಲ ಅಂದ್ರಿ. ಯಾತರಿಂದ ಅಂತ ಹೇಳಲಿಲ್ಲ."

"ತಪ್ಪಾತ್ರಿ."

"ನನ್ನ ಗಂಡ ಅಂದ್ರು, ಕಲಿತವರ ಕೆಲಸಕ್ಕ ಕೈ ಹಾಕಬಾರದಿತ್ತು ನೀ ಅಂತ. ನಾನೂ ಹೌದು ಅಂದಿದ್ದೆ." ಅವಳು ಕಣ್ಣು ಒರೆಸಿಕೊಳ್ಳಲು ಹೋಗಿ, ಕೈಯಲ್ಲಿ ಮೆಣಸಿನ ಖಾರವಿದೆಯೆಂದು ನೆನಪಾಗಿ ಕೈ ಕೆಳಗಿಳಿಸಿದಳು. "ಚಾ ಆರತೈತಿ, ಕುಡೀರಿ ಮೇಡಂ."

ಅಲ್ಲಿಯವರೆಗೂ ಅವಳು ನನ್ನನ್ನು ಮೇಡಂ ಎಂದು ಕರೆದಿರಲಿಲ್ಲ.

ಮಡಚಿದ ಆಂಟೆನಾದ ಲೆಕ್ಕವನ್ನು ನಾವು ಯಾರೂ ಮೊದಲು ಮಾಡಿರಲಿಲ್ಲ. ಅದು ಬಿಚ್ಚಿಕೊಂಡ ಮೇಲಿನ ಲೆಕ್ಕವಷ್ಟೇ ಬೇಕು ಎಂದು ಎಲ್ಲರೂ ತಿಳಿದಿದ್ದೆವು. ಎರಡು ದಿನ ಕೂತು ಮಾಡಿದೆ. ಮಡಚಿದ ಪಟ್ಟಿ ಬಹುತೇಕ ಕಿವುಡು, ಆದರೆ ಒಂದು ಬದಿಯ ಇಕ್ಕಟ್ಟಾದ ದಿಕ್ಕಿನಿಂದ ಜೋರಾಗಿ ಕೂಗಿದರೆ ಕೇಳಿಸಬಹುದು. ಉಪಗ್ರಹ ಮೇಲೆ ಹೊರಳುತ್ತ ಇರುತ್ತದೆ. ಆ ಬದಿ ನಮ್ಮ ಕಡೆ ಯಾವಾಗ ತಿರುಗುತ್ತದೋ ಗೊತ್ತಿಲ್ಲ. ಹಾಗಾಗಿ ದಿಗಂತದಿಂದ ದಿಗಂತದ ತನಕ ಬಿಡದೆ ಕೂಗುತ್ತಿರಬೇಕು. ಸುರುಳಿ ನಲವತ್ತು ಸೆಕೆಂಡು ಕಾಯಲಿ ಎಂದು ಲೆಕ್ಕ ಕೊಟ್ಟೆ.

ನಮ್ಮ ರೇಡಿಯೋ ಪರವಾನಗಿಯಲ್ಲಿ ಬೇಕಾದಲ್ಲಿಗೆ ಒಯ್ಯಬಹುದಾದ ಪ್ರಸಾರ ಕೇಂದ್ರಕ್ಕೂ ಅನುಮತಿ ಇತ್ತು. ಇಬ್ಬರು ಎಂಜಿನಿಯರರು ದೊಡ್ಡ ಟ್ರಾನ್ಸ್‌ಮಿಟರನ್ನು ಟೆಂಪೋದಲ್ಲಿ ಹಾಕಿಕೊಂಡು ಹೊಲಕ್ಕೆ ಬಂದರು. ಕಾಕಾ ಊರಿನ ಪೆಂಡಾಲಿನವನ ಜನರೇಟರ್ ತಂದು ಕೊಟ್ಟರು. ಹಾದು ಹೋದಾಗಲೆಲ್ಲ ಸುರುಳಿಗಳನ್ನು ಮತ್ತೆ ಕಾಯಿಸು ಎಂಬ ಒಂದೇ ಆಜ್ಞೆಯನ್ನು ಸಾವಿರ ಸಲ ಕಳಿಸಿದೆವು. ಮೊದಲ ದಿನ ಏನೂ ಇಲ್ಲ. ನಾಲ್ಕನೆಯ ದಿನ ಏನೂ ಇಲ್ಲ. ಮೇಲಿನ ಬ್ಯಾಟರಿ ಎಷ್ಟು ದಿನ ತಡೆದೀತೆಂದು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಆ ಎಂಜಿನಿಯರರು ನನ್ನೊಂದಿಗೆ ಒಳ್ಳೆಯ ರೀತಿಯಲ್ಲೇ ಇದ್ದರು, ಆದರೆ ಊಟಕ್ಕೆ ಕೂತಾಗ ನನ್ನ ಬಾಜುವಿಗೆ ಕೂಡುತ್ತಿರಲಿಲ್ಲ. ಏಳನೆಯ ದಿನ ನಾನು ಮನಸ್ಸಿನಲ್ಲೇ ಅದನ್ನು ಮಣ್ಣು ಮಾಡಿ ಮುಗಿಸಿದ್ದೆ. ಆದರೂ ಹೊತ್ತಿಗೆ ಸರಿಯಾಗಿ ಎದ್ದು ಹೊಲಕ್ಕೆ ಹೋಗುತ್ತಿದ್ದೆ. ಹೋಗದಿದ್ದರೆ ಮತ್ತೇನು ಮಾಡಬೇಕು ಎಂದು ತಿಳಿಯುತ್ತಿರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ, ಉಪಗ್ರಹ ನೆತ್ತಿಯನ್ನು ದಾಟಿ ದಕ್ಷಿಣಕ್ಕೆ ಇಳಿಯುತ್ತಿರುವಾಗ, ಟಿಕ್ ಎಂದಿತು. ನಾನು ಯಾರಿಗೂ ಹೇಳಲಿಲ್ಲ. ಶ್ರುತಿ ಇಳಿಯುತ್ತದೋ ಎಂದು ಕಾದೆ. ಇಳಿಯಿತು. ಇನ್ನೂ ಇಳಿಯಿತು. ಆಂಟೆನಾವನ್ನು ಆಚೆ ತಿರುಗಿಸಿದರೆ ಮಾಯ, ಈಚೆ ತಿರುಗಿಸಿದರೆ ಮತ್ತೆ ಬಂತು. ಹೆಡ್‌ಫೋನನ್ನು ಎಂಜಿನಿಯರನೊಬ್ಬನ ಕಿವಿಗೆ ಹಚ್ಚಿದೆ. ಅವನು ಕೇಳಿ ಹುಬ್ಬಳ್ಳಿಗೆ ಫೋನ್ ಹಚ್ಚಿದ. ಕಾಕಾ, "ಬೇಲಿ ಮಷೀನ್ ಬಂದ್ ಮಾಡಿಸೀನಿ, ಅದಲ್ಲ ಇದು" ಎಂದರು.

ಸಂಜೆಯ ಸುತ್ತಿನಲ್ಲಿ ಅದು ತನ್ನ ಸ್ಥಿತಿಯನ್ನೆಲ್ಲ ಕಳಿಸಿತು. ಒಂದನೆಯ ದಾರ ಹರಿದಿತ್ತು. ಎರಡನೆಯದು ಹರಿದಿರಲಿಲ್ಲ. ಅದರ ಸುರುಳಿಯಲ್ಲಿ ಕರೆಂಟೇ ಹರಿಯುತ್ತಿಲ್ಲ ಎಂದಿತ್ತು ಅಂಕಿ. ನಲವತ್ತು ಸೆಕೆಂಡು ಕಾದು ಸುರುಳಿಯೇ ಸುಟ್ಟು ಹೋಗಿತ್ತು. ಆ ನಲವತ್ತೂ ನಾನು ಕೊಟ್ಟ ಲೆಕ್ಕವೇ.

ಅಂದರೆ ಅದು ನಮ್ಮೊಂದಿಗೆ ಮಾತಾಡುತ್ತಿತ್ತು, ಯಾರ ಮಾತು ಕೇಳಲು ಹೋಗಿತ್ತೋ ಆ ಪೆಟ್ಟಿಗೆಗಳ ಮಾತು ಅದಕ್ಕೆ ಕೇಳಿಸುತ್ತಿರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಅದು ದಿನಾ ತನ್ನ ಬ್ಯಾಟರಿ, ತನ್ನ ಬಿಸಿ, ತನ್ನ ಥಂಡಿಯನ್ನು ಹೇಳಿತು. ಅದಕ್ಕಿಂತ ಹೆಚ್ಚು ಹೇಳಲು ಅದಕ್ಕೆ ಏನೂ ಇರಲಿಲ್ಲ. ಮಳೆಗಾಲದಲ್ಲಿ ಒಂದು ಸಂಜೆ ಹಳ್ಳ ತುಂಬಿ ಬಂದು ಕೆಳಗಿನ ಎರಡು ಹೊಲಗಳ ಒಡ್ಡು ಒಡೆಯಿತು. ಕಾಕಾ ಫೋನ್ ಮಾಡಿ, "ಆ ಪೆಟಗಿ ಈಗ ಮ್ಯಾಲ ಹೇಳಾಕತ್ತಿರಬೇಕಲ್ಲ?" ಎಂದು ಕೇಳಿದರು. ಹೇಳುತ್ತಿದೆ, ಮೇಲೆ ಕೇಳುವವರಿಲ್ಲ ಎಂದೆ. "ಆತು ಬಿಡು. ನಾನ ನಾಕ ಮಂದಿಗೆ ಫೋನ್ ಮಾಡೀನಿ" ಎಂದರು.

ವರದಿಯ ಆ ಸಾಲನ್ನು ತಿದ್ದಿ, ತಪ್ಪು ಯಾರದೆಂದು ಬರೆದು, ತಂಡದವರೆಲ್ಲರಿಗೂ ಕಳಿಸಿದೆ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ನನ್ನ ವರದಿಗಳಿಗೆ ಈಗ ಇನ್ನೊಬ್ಬರ ಸಹಿಯೂ ಬೇಕು. ಅಣ್ಣಿಗೇರಿಯ ಹೆಂಗಸು ಹದಿನೈದು ದಿನ ಬಿಟ್ಟು ಕೆಲಸಕ್ಕೆ ಬಂದಳು. ಮುಖ್ಯಸ್ಥರೇ ಅವಳ ಮನೆಗೆ ಹೋಗಿ ಕರೆದರಂತೆ.

ಎರಡನೆಯ ಉಪಗ್ರಹದ ದಾರದ ಪರೀಕ್ಷೆಗೆ ಬೆಂಗಳೂರಿಗೆ ನಾವಿಬ್ಬರೂ ಕೂಡಿ ಹೋದೆವು. ಶೀತಪೆಟ್ಟಿಗೆಯ ಕಿಟಕಿಗೆ ಕಣ್ಣು ಹಚ್ಚಿ ಮೂರು ದಿನ ಕೂತೆವು. ಮೈನಸ್ ನಲವತ್ತರಲ್ಲಿ ಹತ್ತಕ್ಕೆ ಒಂಬತ್ತು ಸಲ ದಾರ ಹರಿಯಿತು. ಒಂದು ಸಲ ಹರಿಯಲಿಲ್ಲ. ಉಪಗ್ರಹ ಹಾರಿಸುವ ದಿನ ಮುಂದೆ ಹೋಯಿತು.

ತಿರುಗಿ ಬರುವ ರೈಲಿನಲ್ಲಿ ಅವಳು ಎದುರಿನ ಸೀಟಿನಲ್ಲಿ ಕೂತಿದ್ದಳು. ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದವಳು, "ಆ ಒಂದು ಯಾಕ ಹರೀಲಿಲ್ರಿ ಮೇಡಂ?" ಎಂದಳು.

"ಗೊತ್ತಿಲ್ರಿ" ಎಂದೆ.

"ಗಂಟು ಸುರುಳಿಗೆ ಭಾಳ ಸಮೀಪ ಬಂದಿತ್ತೇನೋ. ಗಂಟು ದಪ್ಪ ಇರತೈತಲ್ರಿ, ಕಾಯೂದು ತಡ."

ಚೀಲದಿಂದ ಹಾಳೆ ತೆಗೆದು ಇಬ್ಬರ ನಡುವೆ ಇಟ್ಟೆ. ಅವಳು ಪೆನ್ನು ತೆಗೆದುಕೊಂಡು ಗಂಟಿನ ಚಿತ್ರ ಬರೆದಳು. ಹಾವೇರಿ ದಾಟುವ ತನಕ ಅದನ್ನೇ ನೋಡುತ್ತ ಮಾತಾಡಿದೆವು.